ಹೂಡಿಯಲ್ಲಿ ರೊಟ್ಟಿ ಬಡಿದ ಸದ್ದು

ಊರು ಬಿಟ್ಟು ರಾಜಧಾನಿಯ ಅಂಚಿನ ಹೂಡಿಗೆ ಬಂದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಯಾರೋ ದಡದಡನೆ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ತೆರೆದರೆ ಕೆಳಗಿನ ಮನೆಯ ಮುನಿಯಮ್ಮ, ನಮ್ಮ ಮನೆ ಮಾಲೀಕರು.

“ಏನವ್ವಾ, ಗಂಡ ಒಡೀತಾವ್ನಾ?”

“ಇಲ್ರೀ ಅಮ್ಮಾರ, ರೊಟ್ಟಿ ಬಡಿಯಾಕತ್ತೀನ್ರಿ,” ಎಂದು ಹಿಟ್ಟಿನ ಕೈ ತೋರಿಸಿದೆ. ಪಾಪ, ಹೊಡೆಯಬೇಕಾದ ನಮ್ಮವರು ಇನ್ನೂ ಕೌದಿ ಹೊದ್ದು ಮಲಗಿದ್ದರು.

ಬಾಗಲಕೋಟೆ ಕಡೆಯ ನಮ್ಮೂರಲ್ಲಿ ಬೆಳಿಗ್ಗೆ ಆ ಸದ್ದು ಕೇಳದಿದ್ದರೆ ಮನೆಯವರಿಗೆ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಾರೆ. ಇಲ್ಲಿ ಕೇಳಿದರೆ ಗಾಬರಿಯಾಗುತ್ತಾರೆ. ಇದು ಮುದ್ದೆಯ ಸೀಮೆ, ಅಡುಗೆಗೆ ಅಷ್ಟು ಸದ್ದಿಲ್ಲ. ನಾಚಿಕೆಯಾಗಿ ರೊಟ್ಟಿ ಬಡಿಯುವುದನ್ನೇ ಬಿಟ್ಟೆ.

ನನಗೆ ಹತ್ತಿರದ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ನಮ್ಮವರಿಗೆ ಟೈಲ್ಸ್ ಕೂರಿಸುವ ಕೆಲಸ. ಒಂದು ಸಂಜೆ ಬಸ್ ಸ್ಟಾಪಿನ ತಿಂಡಿ ಗಾಡಿ ತೋರಿಸಿ ಅವರು, “ಇವತ್ತೊಂದಿನ ಗೋಬಿ ತಿನ್ನೂಣು,” ಎಂದರು. ಆ ಒಂದು ದಿನ ಹತ್ತು ತಿಂಗಳಾಯಿತು. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್, ಬೆಳಿಗ್ಗೆ ಚಹಾದ ಜೊತೆ ಪಫ್ಸ್. ಸುಳ್ಳೇಕೆ, ಬಹಳ ರುಚಿಯಾಗಿತ್ತು. ದಣಿದು ಬಂದವರ ಕೈಗೆ ಬಿಸಿ ಪೊಟ್ಟಣ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಮೊದಲು ಎದೆಯುರಿ ಬಂತು. ಆಮೇಲೆ ಹೊಟ್ಟೆ ಕಟ್ಟಿತು, ಮೈ ಭಾರವಾಯಿತು, ನಿದ್ದೆ ಹೋಯಿತು. ಮೈಗಿಂತ ಮನಸ್ಸೇ ಹೆಚ್ಚು ಕೆಟ್ಟಿತು. ಸುಮ್ಮಸುಮ್ಮನೆ ಸಿಟ್ಟು, ಹಿಂದೆಯೇ ಅಳು. ಪಕ್ಕದಲ್ಲಿ ಕೆಲಸ ಮಾಡುವ ಹುಡುಗಿಯ ಮೇಲೆ ರೇಗಿದೆ, ಅವಳು ನನ್ನ ಜೊತೆ ಮಾತು ಬಿಟ್ಟಳು. ರಜೆ ಹೆಚ್ಚಾಗಿ ಸೂಪರ್‌ವೈಸರ್, “ಇನ್ನೊಂದ್ ದಿನ ತಪ್ಪಿಸಿದ್ರೆ ಬರ್ಲೇಬೇಡಿ,” ಎಂದರು. ಕೆಲಸ ಹೋದರೆ ನಮಗೆ ಊರೇ ಗತಿ. ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಇಳಿಸಿಕೊಂಡೆ. ಕಡೆಗೆ ಡಾಕ್ಟರ ಹತ್ತಿರ ಹೋದೆ.

“ದಿನಾ ಏನ್ ತಿಂತೀರಮ್ಮ?”

“ರೊಟ್ಟಿ, ಪಲ್ಯಾರಿ.”

ರೊಟ್ಟಿಯ ನಾಡಿನ ಹೆಂಗಸು ಗೋಬಿ ತಿಂದು ದಿನ ದೂಡುತ್ತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ನಮ್ಮವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಮಾತ್ರೆ ನುಂಗಿದೆ, ಗೋಬಿಯನ್ನೂ ತಿಂದೆ. ಏನೂ ಗುಣವಾಗಲಿಲ್ಲ.

ಒಂದು ಭಾನುವಾರ ಕಸ ತೆಗೆದುಕೊಂಡು ಕೆಳಗಿಳಿದಾಗ ಬಕೆಟ್ಟಿನಲ್ಲಿ ಖಾಲಿ ಮಾತ್ರೆಯ ಪಟ್ಟಿ ಕಂಡು ಮುನಿಯಮ್ಮ ತಡೆದರು.

“ಡಾಕ್ಟ್ರುಗೆ ಏನ್ ತಿಂತೀನಿ ಅಂತ ಏಳ್ದೆ?”

“ರೊಟ್ಟಿ ಅಂದೆನ್ರಿ.”

“ನಿನ್ ಕಸದ್ ಬಕೆಟ್ಟು ಬೇರೆ ಏಳ್ತದಲ್ಲವ್ವ. ರೊಟ್ಟಿ ಯಾಕ್ ಬುಟ್ಟೆ?”

“ನಿಮಗ ಸಪ್ಪಳ ಆಕ್ಕೈತಿ ಅಂತ…”

ಮುನಿಯಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಅವತ್ತು ನಾನ್ ಬಂದಿದ್ದು ನಿನ್ನ ಬಿಡಿಸ್ಕೊಳ್ಳಾಕೆ ಕಣವ್ವ, ಬೈಯಾಕಲ್ಲ. ನಾಳೆಯಿಂದ ಬಡಿ. ಸದ್ದು ಕೇಳಿಸ್ನಿಲ್ಲ ಅಂದ್ರೆ ಮೇಲಕ್ ಬತ್ತೀನಿ.”

ಡಾಕ್ಟರನ್ನು ಬಿಟ್ಟರೆ ಹತ್ತು ತಿಂಗಳಲ್ಲಿ ಈ ಊರಿನಲ್ಲಿ ನನ್ನ ಹೊಟ್ಟೆಯ ಬಗ್ಗೆ ಕೇಳಿದವರು ಇವರೊಬ್ಬರೇ. ಅಲ್ಲೇ ಅತ್ತುಬಿಟ್ಟೆ.

ಮರುದಿನದಿಂದ ಮತ್ತೆ ರೊಟ್ಟಿ ಬಡಿದೆ, ಡಾಕ್ಟರಿಗೆ ನಿಜ ಹೇಳಿದೆ. ನಿಧಾನಕ್ಕೆ ಉರಿ ಇಳಿಯಿತು, ನಿದ್ದೆ ಬಂತು, ಆ ಹುಡುಗಿಗೆ ಒಂದು ರೊಟ್ಟಿ ಕೊಟ್ಟು ಮಾತು ವಾಪಸು ಪಡೆದೆ. ಕೆಲಸ ಉಳಿಯಿತು. ಈಗ ಸದ್ದು ಕೇಳಿಸಿದರೂ ಮುನಿಯಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ, ಒಂದು ಬಿಸಿ ರೊಟ್ಟಿಗೆ. ಗೋಬಿಯನ್ನು ಪೂರ್ತಿ ಬಿಟ್ಟಿಲ್ಲ, ತಿಂಗಳಿಗೊಮ್ಮೆ ನಾಲಿಗೆ ಕೇಳುತ್ತದೆ.

ಮೊನ್ನೆ ಊರಿಗೆ ಹೋಗಿದ್ದೆ. ನಸುಕಿನಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಇನ್ನೇನು ಮುನಿಯಮ್ಮ ಮೆಟ್ಟಿಲು ಹತ್ತುವ ಸದ್ದು ಕೇಳಬೇಕು ಎಂದು ಹಾಸಿಗೆಯಲ್ಲೇ ಕಿವಿಗೊಟ್ಟು ಕಾಯುತ್ತಿದ್ದೆ. ಅವ್ವನ ಮನೆಗೆ ಮೆಟ್ಟಿಲೇ ಇಲ್ಲ.