ಗಿರಣಿ ಮುಚ್ಚಿದೆ, ತೊಟ್ಟಿಲ ಮನಿ ಮುಚ್ಚಿಲ್ಲ

ಬೆಳಕು ಹರಿಯುವ ಮೊದಲೇ ಶೇವಂತೆವ್ವ ಗಿರಣಿಯ ಹಿಂಬಾಗಿಲು ತೆಗೆಯುತ್ತಾರೆ. ಹುಬ್ಬಳ್ಳಿಯ ಈ ಹತ್ತಿ ಗಿರಣಿ ಮುಚ್ಚಿದ್ದು ತೊಂಬತ್ತೇಳರಲ್ಲಿ, ಹನ್ನೊಂದು ವರ್ಷದ ಹಿಂದೆ. ಯಂತ್ರಗಳನ್ನು ಬಿಚ್ಚಿ ಒಯ್ದಾಗಿದೆ. ಚಾವಣಿಯ ಗಾಜು ಒಡೆದು ಪಾರಿವಾಳ ಸೇರಿವೆ. ಮೂಲೆಯ ಈ ಕೋಣೆ ಮಾತ್ರ ಹಾಗೇ ಇದೆ. ಶೇವಂತೆವ್ವ ನೆಲ ಗುಡಿಸಿ, ನೀರು ಚಿಮುಕಿಸಿ, ಕಬ್ಬಿಣದ ಸರಳಿಗೆ ತೂಗುಬಿಟ್ಟ ತೊಟ್ಟಿಲುಗಳ ಸಾಲಿನಲ್ಲಿ ಎರಡನ್ನು ತೂಗುತ್ತಾರೆ. ಒಂದರಲ್ಲಿ ಕೂಸಿದೆ. ಇನ್ನೊಂದು ಖಾಲಿ.

ಖಾಲಿಯದನ್ನೇಕೆ ತೂಗುತ್ತೀರಿ ಎಂದು ನಾನು ಕೇಳಿದರೆ, “ಒಂದನ್ನ ತೂಗಿ ಒಂದನ್ನ ಬಿಟ್ರ ಛಲೋ ಕಾಣೂದಿಲ್ರಿ” ಎನ್ನುತ್ತಾರೆ.

ಗಿರಣಿ ನಡೆಯುತ್ತಿದ್ದಾಗ ಹೆಣ್ಣಾಳುಗಳು ಮಕ್ಕಳನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಎಲ್ಲರ ಬಾಯಲ್ಲಿ ಇದು ತೊಟ್ಟಿಲ ಮನಿ. ಶೇವಂತೆವ್ವ ಇದರ ಆಯಾ. ಇಲ್ಲಿಯದೊಂದು ಕಟ್ಟಳೆಯಿತ್ತು. ಕೂಸನ್ನು ಮಲಗಿಸಿದ ತಾಯಿ ತನ್ನ ಯಂತ್ರದ ನೂಲಿನ ಎಳೆಯೊಂದನ್ನು ತೊಟ್ಟಿಲಿಗೆ ಕಟ್ಟಬೇಕು. ಸಂಜೆ ತಾನೇ ಬಿಚ್ಚಿ ಕೂಸನ್ನು ಒಯ್ಯಬೇಕು. ಎಳೆ ಇರುವವರೆಗೆ ಕೂಸು ಆಯಾಳ ಹೊಣೆ.

ಬೀಗ ಬಿದ್ದದ್ದು ನಡುಮಧ್ಯಾಹ್ನ. ಗದ್ದಲದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಎಳೆ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಮಕ್ಕಳು ಮನೆ ಮುಟ್ಟಿದ್ದು ಗಿರಣಿ ಕೆಲಸಗಾರರ ಇಡೀ ಚಾಳಿಗೆ ಗೊತ್ತು. ಶೇವಂತೆವ್ವನ ಲೆಕ್ಕದಲ್ಲಿ ಎಳೆ ಬಿಚ್ಚದ ಕೂಸು ಇನ್ನೂ ತೊಟ್ಟಿಲಲ್ಲೇ ಇತ್ತು. ಅವರು ಮರುದಿನವೂ ಬಂದರು. ಪಗಾರವಿಲ್ಲದೆ ಬರುತ್ತಲೇ ಇದ್ದರು. ಸಂಜೆ ಖಾನಾವಳಿಗೆ ರೊಟ್ಟಿ ಬಡಿದು ಹೊಟ್ಟೆ ಹೊರೆಯುತ್ತಾರೆ.

“ಮೊದಮೊದಲ ನನಗ ಅಂಜಿಕಿ ಬರ್ತಿತ್ರಿ. ಒಳಗ ಜೋಗುಳಾ ಕೇಳ್ತಿತ್ತು, ನೋಡಿದ್ರ ಕೂಸಿಲ್ಲ. ಈಗ ಜೋಗುಳಾ ನಿಂತ್ರ ಅಂಜಿಕಿ” ಎನ್ನುತ್ತಾರೆ ಗೇಟಿನ ಕಾವಲುಗಾರ ಖಾದರಬಾಷಾ.

ಈಗ ತೊಟ್ಟಿಲಲ್ಲಿರುವುದು ಸುಕನ್ಯಾ, ಎರಡು ವರ್ಷದವಳು. ಅಪ್ಪ ಕಲ್ಲೇಶ ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲ. ಹೆಂಡತಿ ಪ್ರಭಾವತಿ ಕಾಮಾಲೆಯಲ್ಲಿ ತೀರಿಕೊಂಡಾಗ ಕೂಸು ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ. ಅಂಗನವಾಡಿಯಲ್ಲಿ ಮೂರು ತುಂಬಲಿ ಎಂದರು. ವಿದ್ಯಾನಗರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದಿತ್ತು. ಅಲ್ಲಿ ಕೇಳಿದ್ದನ್ನು ಕೊಟ್ಟರೆ ಕೂಲಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನೆರೆಯವರು ನಾಲ್ಕು ದಿನ ನೋಡಿ ಕೈಯೆತ್ತಿದರು. ಅಣ್ಣಿಗೇರಿಯ ಅಕ್ಕ ಮಾತ್ರ ‘ನನಗ ಕೊಟ್ಟಬಿಡು’ ಎಂದು ಹೇಳಿ ಕಳಿಸುತ್ತಿದ್ದಳು.

“ಅಕ್ಕಗ ಮಕ್ಕಳಿಲ್ರಿ. ಕೊಟ್ರ ಕೂಸು ತಿರಗಿ ನಂದಾಗೂದಿಲ್ಲ” ಎನ್ನುತ್ತಾರೆ ಕಲ್ಲೇಶ.

ದಾರಿ ತೋರಿಸಿದ್ದು ಖಾದರಬಾಷಾ, ಅದೂ ತಮಾಷೆಗೆ: “ಒಳಗೊಬ್ಬಾಕಿ ಕೂಸಿಲ್ದ ತೊಟ್ಟಿಲಾ ತೂಗ್ತಾಳ. ನೀ ತೊಟ್ಟಿಲಾ ಇಲ್ದ ಕೂಸು ಹೊತಗೊಂಡ ತಿರಗಾಕತ್ತೀ. ಇಬ್ರೂ ಮಾತಾಡ್ಕೋರಿ.”

ಶೇವಂತೆವ್ವ ದುಡ್ಡಿನ ಮಾತೇ ಎತ್ತಲಿಲ್ಲ. ಎಳೆ ಕಟ್ಟು ಎಂದರು. ಕಲ್ಲೇಶ ಕಿಸೆಯಲ್ಲಿದ್ದ ಗೋಣಿದಾರ ಕಟ್ಟಿ ಕೆಲಸಕ್ಕೆ ಹೋದರು.

ಇಬ್ಬರ ನಡುವೆ ಕೆಟ್ಟದ್ದು ಯುಗಾದಿಗೆ ಮುಂಚೆ. ಬಿಟ್ಟಿ ನೋಡಿಕೊಳ್ಳುವವರಿಗೆ ತನ್ನಿಂದ ಏನಾದರೂ ಆಗಲಿ ಎಂದು ಕಲ್ಲೇಶ ರಜೆಯ ದಿನ ಕೋಣೆಗೆ ಸುಣ್ಣ ಹಚ್ಚಿದರು. ತೊಟ್ಟಿಲುಗಳಿಗೆ ಅಂಟಿದ್ದ ಮಾಸಿದ ನೂಲುಗಳನ್ನು ಹರಿದು ಕಸದ ಜೊತೆ ತಿಪ್ಪೆಗೆ ಎಸೆದರು. ಮರುದಿನ ಬೆಳಿಗ್ಗೆ ಶೇವಂತೆವ್ವ ಬಾಗಿಲಿಗೆ ಅಡ್ಡ ನಿಂತಿದ್ದರು.

“ಈ ಕೂಸುಗಳನ್ನೆಲ್ಲಾ ಯಾರ ಕೈಯಾಗ ಕೊಟ್ಟಿ?”

ಕೂಸನ್ನು ಒಳಗೆ ಬಿಡಲಿಲ್ಲ. ಕಲ್ಲೇಶ ಮಗಳನ್ನು ಮಾರುಕಟ್ಟೆಗೇ ಒಯ್ದು ಮೆಣಸಿನಕಾಯಿ ಚೀಲಗಳ ನಡುವೆ ಕೂರಿಸಿದರು. ಹಿಂದೆ ಸರಿಯುತ್ತಿದ್ದ ಲಾರಿಯ ಗಾಲಿಯ ಬಳಿಯಿಂದ ಯಾರೋ ಅವಳನ್ನು ಎಳೆದುಕೊಂಡರು. ನಾಳೆ ಕೂಸು ತಂದರೆ ಕೆಲಸವಿಲ್ಲ ಎಂದ ಹಮಾಲರ ಮೇಲಿನ ಮುಕಾದಮ. ಉಳಿದದ್ದು ಅಣ್ಣಿಗೇರಿ ಬಸ್ಸು ಒಂದೇ.

ಕಲ್ಲೇಶ ಬಸ್ಸು ಹತ್ತಲಿಲ್ಲ. ತಿಪ್ಪೆ ಕೆದರಿ ನೂಲು ಆರಿಸಿದರು. ಖಾದರಬಾಷಾ ನೆನಪು ಮಾಡಿಕೊಟ್ಟ ತಾಯಂದಿರ ಮನೆಗಳ ಬಾಗಿಲು ಬಡಿದು, ಬಂದು ಎಳೆ ಬಿಚ್ಚಿ ನಿಮ್ಮ ಕೂಸನ್ನು ಎತ್ತಿಕೊಳ್ಳಿ ಎಂದು ಬೇಡಿದರು. “ನನ್ನ ಮಗಾ ಸಾಲ್ಯಾಗ ಆರನೇತ್ತೆ ಅದಾನ, ಅವನ್ನೇನ ತೊಟ್ಟಿಲದಾಗಿಂದ ಎತ್ಲೋ?” ಎಂದು ನಕ್ಕರು ರೆಹಮತ್‌ಬಿ. ಆದರೂ ಬಂದರು. ಹೆಂಗಸರೆಲ್ಲ ನಗುತ್ತಲೇ ಬಂದರು.

ಕಲ್ಲೇಶ ತಂದ ನೂಲುಗಳನ್ನು ಶೇವಂತೆವ್ವ ಮತ್ತೆ ಕಟ್ಟಿದ್ದರು. ಒಬ್ಬೊಬ್ಬರೂ ತಮ್ಮದನ್ನು ಬಿಚ್ಚಿ, ತೊಟ್ಟಿಲಿಗೆ ಬಾಗಿ, ಕೈ ಹಾಕಿ ಎತ್ತಬೇಕು. ಬಾಗಿದವರು ಏಳುವಾಗ ನಗಲಿಲ್ಲ. ಎಲ್ಲರ ತೋಳೂ ಎದೆಗೆ ಮಡಿಚಿಕೊಂಡಿತ್ತು. ಗಿರಣಿ ಮುಚ್ಚಿದ ವರ್ಷವೇ ಮಗುವನ್ನು ಕಳೆದುಕೊಂಡ ದಾವಲಬಿ ಬಾಗಿದವರು ಬಹಳ ಹೊತ್ತು ಏಳಲಿಲ್ಲ. “ಕೂಸು ವಜ್ಜಾ ಐತಿ” ಎಂದರಂತೆ.

ಒಂದು ತೊಟ್ಟಿಲಿಗೆ ಯಾರೂ ಬರಲಿಲ್ಲ. ಆ ತಾಯಿ ಊರು ಬಿಟ್ಟು ಎಲ್ಲಿ ಹೋದಳೋ ಚಾಳಿಗೆ ತಿಳಿಯದು. ಶೇವಂತೆವ್ವ ಬೆಳಿಗ್ಗೆ ತೂಗುವ ಖಾಲಿ ತೊಟ್ಟಿಲು ಅದೇ. ಅಂದು ಎಲ್ಲರೂ ಹೋದ ಮೇಲೆ ಅವರು ಕಲ್ಲೇಶನ ಕಡೆ ತಿರುಗಿ, “ನಾಳೆ ಕೂಸಿನ್ನ ಲಗೂನ ತಾ ತಮ್ಮಾ” ಎಂದರು.

ಬಿಸಿಲೇರಿದೆ. ಸುಕನ್ಯಾ ಮತ್ತೆ ಮಲಗಿದ್ದಾಳೆ. ಗಿರಣಿಯಲ್ಲಿ ಹತ್ತಕ್ಕೆ ತಾಯಂದಿರಿಗೆ ಹಾಲುಣಿಸಲು ಬಿಡುವು ಕೊಡುತ್ತಿದ್ದರು. ಆಗ ಆಯಾ ಹೊರಗೆ ನಿಲ್ಲುವುದು ರೂಢಿ. ಹತ್ತಾಯಿತೆಂದು ಶೇವಂತೆವ್ವ ಯಂತ್ರಗಳಿದ್ದ ಕಡೆಯ ಬಾಗಿಲು ತೆರೆದಿಟ್ಟು ನನ್ನನ್ನೂ ಹೊರಗೆ ಕರೆಯುತ್ತಾರೆ. ಪಾರಿವಾಳಗಳು ಸುಮ್ಮನಾಗಿವೆ. ಒಳಗೆ ಬಂದು ನೋಡಿದರೆ ಸುಕನ್ಯಾ ನಿದ್ದೆಯಲ್ಲಿ ತುಟಿ ಚೀಪುತ್ತಿದ್ದಾಳೆ. ಕೂದಲಲ್ಲಿ ಹಸನಾದ ಬಿಳಿ ಹತ್ತಿ. ತೊಲೆಯಿಂದ ಉದುರಿರಬೇಕು.

“ಯಾರ ಬರ್ತಾರಂತ ಬಾಗಿಲಾ ತಗೀತೀರಿ?”

“ಅಕಿ ಅವ್ವ.”

“ಬಂದು?”

“ಒಯ್ಯಲಾ ಅಂತ ಕೇಳ್ತಾಳ. ಕುಡಿಸಿ ಹೋಗವಾ, ಒಯ್ಯಾಕ ಕೊಡಂಗಿಲ್ಲ ಅಂತೇನಿ. ಇಟ್ಟಾಂವ ಕೂಸಿನ ಅಪ್ಪ.” ಶೇವಂತೆವ್ವ ಬಾಗಿಲು ಮುಚ್ಚಿ ಅಗುಳಿ ಹಾಕುತ್ತಾರೆ. “ಇಟ್ಟವರನ್ನ ಬಿಟ್ಟು ಬ್ಯಾರೆಯವರ ಕೈಯಾಗ ನಾ ಇಲ್ಲೀತನಾ ಒಂದ ಕೂಸೂ ಕೊಟ್ಟಿಲ್ರಿ.”