ಹಿಂದಿನ ಸೀಟು

ಅಲೆನ್ ಎಂಬ ಈ ಅಮೆರಿಕನ್ ಊರಿನ ನಮ್ಮ ಬೀದಿಯಲ್ಲಿ ಗ್ಯಾರೇಜ್ ಅಂಕಲ್ ಎಂದರೆ ಎಲ್ಲರಿಗೂ ಗೊತ್ತಿತ್ತು. ಧಾರವಾಡದ ಕಡೆಯವರು. ಅವರ ಗ್ಯಾರೇಜಿನಲ್ಲಿ, ಎಂದೋ ಮುಚ್ಚಿಹೋದ ಕಂಪನಿಯೊಂದರ ಉದ್ದನೆಯ ಕಪ್ಪು ಕಾರು ಇತ್ತು. ಯಾರಾದರೂ ಅದನ್ನು ಮುಟ್ಟಿದರೆ ಸಾಕು, ಹೆಗಲ ಮೇಲಿನ ಹಳೇ ಪಂಚೆಯ ತುಂಡಿನಿಂದ ಬೆರಳ ಗುರುತು ಒರೆಸಿಬಿಡುತ್ತಿದ್ದರು.

“ಒಂದು ಕಾಲಕ್ಕ ರಾಜರು ಈ ಗಾಡಿಗೆ ವರ್ಷಗಟ್ಟಲೆ ಕಾಯ್ತಿದ್ರು, ತಂಗಿ. ಆಮ್ಯಾಲೆ ಅಗ್ಗದ ಗಾಡಿಗೂ ಅದ ಹೆಸರು ಹಚ್ಚಿದ್ರು. ಅವಸರಕ್ಕ ಬಿದ್ದು ಮುಳುಗಿದ್ರು ನೋಡವಾ.” ಅವಸರ ಎಂಬ ಮಾತು ಅವರ ಬಾಯಲ್ಲಿ ಬೈಗುಳವೇ ಆಗಿತ್ತು.

ಅಂಕಲ್ ಕಣ್ಣು ಮಂಜಾಗುತ್ತಾ ಬಂತು; ಡ್ರೈವ್ ಮಾಡಲೇಬೇಡಿ ಎಂದರು ಡಾಕ್ಟರು. ಕಾರನ್ನು ಹ್ಯೂಸ್ಟನ್‌ನವರೊಬ್ಬರಿಗೆ ಮಾರಿದ್ದಾಯಿತು. ಅವರು ಒಯ್ಯಲು ಬರುವ ಮುನ್ನಾದಿನ ಸಂಜೆ ಅಂಕಲ್ ನನ್ನ ಕೈಗೆ ಕೀಲಿ ಕೊಟ್ಟು, ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ ಕುಳಿತರು.

“ಅಂಕಲ್, ನಂಗೆ ಭಯ ಆಗ್ತಿದೆ.”

“ನಿನ್ನ ಮಿನಿವ್ಯಾನ್ ಅಲ್ಲ ಇದು. ಅವಸರ ಮಾಡಬ್ಯಾಡ, ತಾನ ತೇಲತದ.”

ನಿಜಕ್ಕೂ ತೇಲಿತು. ಓಕ್ ಮರಗಳು, ಅಂಚೆಪೆಟ್ಟಿಗೆಗಳು, ಹುಲ್ಲಿಗೆ ಚಿಮ್ಮುತ್ತಿದ್ದ ನೀರು, ಎಲ್ಲವೂ ಕನಸಿನಲ್ಲಿ ಸರಿದಂತೆ ಸರಿದವು. ಕನ್ನಡಿಯಲ್ಲಿ ನೋಡಿದರೆ ಅಂಕಲ್ ಕಣ್ಣು ಮುಚ್ಚಿ, ಅಂಗೈಯನ್ನು ಕಿಟಕಿಯ ಗಾಜಿಗೆ ಒತ್ತಿ, ಎಂಜಿನ್ನಿನ ಸದ್ದು ಕೇಳುತ್ತಿದ್ದರು.

“ಇನ್ನೊಂದು ರೌಂಡ್ ಹೋಗೋಣ್ವಾ?”

“ಹೂಂ. ಸಾವಕಾಶ.”

ಇಳಿದಾಗ ಗಾಜಿನ ಒಳಬದಿಯಲ್ಲಿ ಅವರ ಐದೂ ಬೆರಳು ಮೂಡಿದ್ದವು. ಅಂಕಲ್ ಹತ್ತಿರ ಬಾಗಿ ನೋಡಿದರು. ಹೆಗಲ ಬಟ್ಟೆಯನ್ನು ಕೈಗೆ ತೆಗೆದುಕೊಂಡರು. ನಿಧಾನವಾಗಿ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲು ಮುಚ್ಚಿದರು.