ಸಣ್ಣ ಹಲ್ಲಿನ ಬ್ಲೇಡು

ಮೊನ್ನೆ ನನ್ನ ಮಗ ಹಿತ್ತಲ ಶೆಡ್ಡಿನ ಮುಂದೆ ಕುಳಿತು ಎಣ್ಣೆ ಕಾಗದದ ಸುರುಳಿಯೊಂದನ್ನು ಬಿಚ್ಚಿದ. ಒಳಗಿದ್ದದ್ದು ಕಬ್ಬಿಣ ಕೊಯ್ಯುವ ಗರಗಸದ ಹೊಸ ಬ್ಲೇಡು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡುಗೆಮನೆಯಲ್ಲಿದ್ದ ನಾನು ಎದ್ದು ಬಂದು, ಯಾರೂ ಕೇಳದಿದ್ದರೂ, "ಅಂಗಡಿಯವ ಹಳೇದಕ್ಕ ಎಣ್ಣಿ ಸವರಿ ಕೊಟ್ಟಾನೇನೋ, ನೋಡಪ್ಪ" ಎಂದೆ. ಮಗ ನಕ್ಕ. "ಯವ್ವಾ, ನಿನ್ನ ಬಾಯಾಗ ನಮ್ಮಜ್ಜ ಕುಂತಾನ" ಎಂದ.

ಕುಳಿತಿದ್ದರೂ ಇರಬಹುದು. ಮಾವನವರ ಸಂಶಯ ಅಂಟುರೋಗದಂಥದ್ದು. ಅವರ ಜೊತೆ ಒಂದೇ ಸೂರಿನಡಿ ಬಾಳಿದವರಿಗೆ ಅದು ಹತ್ತದೆ ಬಿಡುವುದಿಲ್ಲ.

ನಾನು ಕಂಪ್ಲಿಯಿಂದ ಹೊಸಪೇಟೆಯ ಈ ಮನೆಗೆ ಸೊಸೆಯಾಗಿ ಬಂದಾಗ ಎರಡನೇ ಮಹಾಯುದ್ಧ ನಡೆದಿತ್ತು. ಮಾವನವರದು ಅಕ್ಕಿ ಗಿರಣಿ. ಗಿರಣಿಯ ಸಾಮಾನು ಕೆಟ್ಟರೆ ಅವರು ಫಿಟ್ಟರನ್ನು ಕರೆಸುತ್ತಿರಲಿಲ್ಲ. ಫಿಟ್ಟರು ಒಂದು ನಟ್ಟು ಬಿಗಿದು ಇನ್ನೊಂದನ್ನು ಬೇಕೆಂದೇ ಸಡಿಲು ಬಿಟ್ಟು ಹೋಗುತ್ತಾನೆ, ಮತ್ತೆ ಕರೆಯಲಿ ಎಂದು; ಇದು ಅವರ ಖಚಿತ ನಂಬಿಕೆ. ಹಾಗಾಗಿ ಹಿತ್ತಲಲ್ಲೇ ತಗಡಿನ ಶೆಡ್ಡು ಹಾಕಿ ರಿಪೇರಿಯನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು. ಬಳ್ಳಾರಿಯಲ್ಲಿ ಕಟ್ಟಿಗೆಯ ಡಿಪೋ ಒಂದು ಮುಚ್ಚಿದಾಗ ಅಲ್ಲಿನ ಗರಗಸದ ಯಂತ್ರವನ್ನು ಬಂಡಿಯ ಮೇಲೆ ಹೇರಿಸಿ ತಂದಿದ್ದರು. ಮೇಲೊಂದು ಕೆಳಗೊಂದು ಗಾಲಿ, ಅವುಗಳ ಸುತ್ತ ಪಟ್ಟಿಯ ಹಾಗೆ ಓಡುವ ಹಲ್ಲಿನ ಬ್ಲೇಡು. ಕಟ್ಟಿಗೆಗೆ ಓಡುವ ವೇಗದಲ್ಲಿ ಕಬ್ಬಿಣಕ್ಕೆ ಓಡಿಸಿದರೆ ಹಲ್ಲು ಸುಟ್ಟುಹೋಗುತ್ತವಂತೆ. ಎಂಜಿನ್ನಿನ ಗಾಲಿ ಬದಲಿಸಿ ಅದನ್ನು ಎತ್ತಿನ ಗಾಣದಷ್ಟು ನಿಧಾನಕ್ಕೆ ಇಳಿಸಿದ್ದರು.

ಯಂತ್ರವೇನೋ ದಾರಿಗೆ ಬಂತು. ಬ್ಲೇಡು ಆರಿಸುವ ಸಂಭ್ರಮ ಮಾತ್ರ ಕನ್ಯೆ ನೋಡುವುದಕ್ಕಿಂತ ಹೆಚ್ಚಿನದಾಗಿತ್ತು. ನನ್ನನ್ನು ನೋಡಲು ಬಂದಾಗ ಅವರಿಗೆ ಅರ್ಧ ಗಳಿಗೆ ಸಾಕಾಗಿತ್ತು. ಬ್ಲೇಡಿಗೆ ಅರ್ಧ ದಿನವೂ ಸಾಲದು. ಬಿಸಿಲಿಗೆ ಹಿಡಿಯುವರು, ಮೂಸುವರು, ಹೆಬ್ಬೆರಳಿನ ಉಗುರನ್ನು ಹಲ್ಲಿನ ಮೇಲೆ ಎಳೆದು ಕಿವಿಗೊಡುವರು. ತುಂಡಾದ ಬ್ಲೇಡಿಗೆ ಬೆಳ್ಳಿಯ ಬೆಸುಗೆ ಹಾಕಿಸಲು ಅಕ್ಕಸಾಲಿಯ ಬಳಿ ಹೋದರೆ ಅವನ ಎದುರಿಗೇ ಕುಕ್ಕರಗಾಲಲ್ಲಿ ಕೂರುವರು. ಊಟಕ್ಕೆ ಕುಳಿತಾಗ ನಮಗೆಲ್ಲ ಪಾಠ: "ತೆಳ್ಳನ ತಗಡಿಗೆ ಸಣ್ಣ ಹಲ್ಲು ಬೇಕು, ಇಲ್ಲಂದ್ರ ಸಿಕ್ಕು ಮುರೀತಾವ. ದಪ್ಪ ಸರಳಿಗೆ ದೊಡ್ಡ ಹಲ್ಲು. ಸಣ್ಣ ಹಲ್ಲು ಹಚ್ಚಿದ್ರ ಸಂದ್ಯಾಗ ಪುಡಿ ತುಂಬಿ ಬ್ಲೇಡು ಬರೇ ಜಾರತೈತಿ." ನಾನು ಸಾರು ಬಡಿಸುತ್ತ ತಲೆಯಾಡಿಸುತ್ತಿದ್ದೆ. ಉಪ್ಪು ಕಡಿಮೆಯಾದರೆ, ಕಂಪ್ಲಿಯವರು ಹೀಗೇ ಉಳಿತಾಯ ಮಾಡುವುದೇನೋ ಎಂದು ನನ್ನ ಮೇಲೂ ಅನುಮಾನ.

ಅವರು ಅನುಮಾನಿಸದಿದ್ದದ್ದು ಒಬ್ಬರನ್ನೇ, ನಮ್ಮ ಅತ್ತೆಯನ್ನು. ಅದು ಪ್ರೀತಿಯೋ ಉದಾಸೀನವೋ ನನಗೆ ಆಗ ಗೊತ್ತಾಗಲಿಲ್ಲ.

ಅತ್ತೆಯ ತಮ್ಮನ ಮಗ ಶೇಖರ ಬುಕ್ಕಸಾಗರದವನು. ತಾಯಿ ಸತ್ತ ಮೇಲೆ ಅತ್ತೆಯೇ ಕೈತುತ್ತು ಹಾಕಿ ಬೆಳೆಸಿದ ಹುಡುಗ. ಸ್ವಾತಂತ್ರ್ಯ ಚಳವಳಿ ಜೋರಾಗಿದ್ದ ಆ ವರ್ಷ ಹಂಪಿ ಬಜಾರಿನ ಕಲ್ಲುಮಂಟಪದ ಮೇಲೆ ನಿಂತು ಭಾಷಣ ಮಾಡಿದನೆಂದು ಹಿಡಿದು ನಮ್ಮೂರಿನ ಲಾಕಪ್ಪಿಗೆ ಹಾಕಿದರು. "ಗಿರಣಿ ಲೈಸೆನ್ಸು ಹೋಗತೈತಿ. ಅವನ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ" ಎಂದರು ಮಾವನವರು. ಅತ್ತೆ ಎತ್ತಲಿಲ್ಲ. ಬುತ್ತಿ ಕೊಡಲು ಮಾತ್ರ ಹೋಗಿಬರುತ್ತಿದ್ದರು. ಒಂದು ದಿನ ಬಂದವರು ಖಾಲಿ ಬುತ್ತಿಯನ್ನು ಕೆಳಗಿಡದೆ ನಿಂತೇ ಇದ್ದರು. "ಜ್ವರ ಬಂದಾವ. ಬೆನ್ನು ನೆಲಕ್ಕ ಹಚ್ಚಾಕ ಬರವಲ್ದು ಅವಗ. ಬಳ್ಳಾರಿ ಜೈಲಿಗೆ ಕಳಸ್ತಾರಂತ" ಎಂದರು. 

ಮರುದಿನದಿಂದ ಹಳೆ ಸೀರೆಗಳನ್ನು ಹರಡಿ ಕೌದಿ ಹೊಲಿಯಲು ಕುಳಿತರು. ಚಳಿಗಾಲ, ಶೇಖರನಿಗೆ ಹೊದಿಕೆ ಕೊಡಲು ಪರವಾನಗಿ ಸಿಕ್ಕಿತ್ತು. ಇನ್ನೊಂದು ತುದಿಯಿಂದ ನಾನೂ ಹೊಲಿಯುತ್ತ ಬಂದೆ. ಅಂಚಿನ ಹತ್ತಿರ ನನ್ನ ಸೂಜಿ ಏನಕ್ಕೋ ತಾಗಿ ಬಾಗಿತು. ತಲೆಯೆತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಆ ಅಂಚು ಬಿಡವ್ವ. ಅದನ್ನ ನಾ ಹೊಲೀತೀನಿ."

ನೋಡಿ, ನನ್ನ ಬುದ್ಧಿ ಎಂಥದ್ದು. ಮನೆಯ ಬಂಗಾರವನ್ನು ಕೌದಿಯೊಳಗಿಟ್ಟು ತವರಿಗೆ ಸಾಗಿಸುತ್ತಿದ್ದಾರೆ ಎಂದುಕೊಂಡೆ. ಸೊಸೆಯಾದ ನನಗೆ ಬರಬೇಕಾದ ಅವಲಕ್ಕಿ ಸರ ಇದೆಯೋ ಇಲ್ಲವೋ ಎಂದು ಎರಡು ದಿನ ಅವರ ಕೊರಳನ್ನೇ ನೋಡುತ್ತ ತಿರುಗಿದೆ. ಸರ ಅಲ್ಲೇ ಇತ್ತು. ನನ್ನ ಅನುಮಾನ ಮತ್ತೂ ಹೆಚ್ಚಾಯಿತು.

ವಾರ ಕಳೆದಿರಬೇಕು. ಲಾಕಪ್ಪಿನ ಕಿಟಕಿಯ ಸರಳು ಕೊಯ್ದು ಶೇಖರ ಪಾರಾದನೆಂದು ಊರೆಲ್ಲ ಸುದ್ದಿ. ಬೆಳಗ್ಗೆ ಸಬ್ ಇನ್ಸ್‌ಪೆಕ್ಟರು ನಮ್ಮ ಮನೆಗೇ ಬಂದರು, ಕೈಯಲ್ಲಿ ಕೊಯ್ದ ಸರಳಿನ ತುಂಡು.

"ಯಜಮಾನ್ರೇ, ಊರಾಗ ಕಬ್ಬಿಣ ಕೊಯ್ಯೋರು ನೀವು. ಇದನ್ನ ಎದರಿಂದ ಕೊಯ್ದಾರ, ಹೇಳ್ರಿ" ಎಂದರು. ಮಾತು ಮೆತ್ತಗಿತ್ತು. ಕಣ್ಣು ಶೆಡ್ಡಿನ ಕಡೆಗಿತ್ತು.

ಮಾವನವರು ತುಂಡನ್ನು ಬಿಸಿಲಿಗೆ ಹಿಡಿದರು. ಕೊಯ್ದ ನುಣುಪು ಮುಖದ ಮೇಲೆ ಉಗುರು ಎಳೆದರು. ಉಗುರು ನಡುವೆ ನಿಂತಿತು. ಬಾಗಿಲ ಮರೆಯಲ್ಲಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದ ನನಗೆ ಅವರ ಕತ್ತಿನ ನರ ಉಬ್ಬಿದ್ದು ಕಂಡಿತು.

"ಇದು ಬ್ಲೇಡಿಂದಲ್ರಿ. ಅರ ಹಾಕಿ ತಿಕ್ಯಾರ" ಎಂದರು. "ಅರ ಸಂತ್ಯಾಗ ಎಲ್ಲಿ ಬೇಕಲ್ಲಿ ಸಿಗತಾವ."

"ನಿಮ್ಮ ಬ್ಲೇಡು ಒಂದೀಟು ನೋಡಬೋದೇನ್ರಿ?"

"ಬರ್ರಿ."

ಎಂಜಿನ್ನು ಹಚ್ಚಿ, ದೊಡ್ಡ ಹಲ್ಲಿನ ಬ್ಲೇಡಿನಲ್ಲಿ ಅಂಥದೇ ಸರಳೊಂದನ್ನು ಅವರೆದುರಿಗೇ ಕೊಯ್ದು ಕೊಟ್ಟರು. ಕೊಯ್ದ ಮುಖ ಒರಟಾಗಿ, ಉತ್ತ ಹೊಲದ ಹಾಗೆ ಗೀರು ಬಿದ್ದಿತ್ತು. ಇನ್ಸ್‌ಪೆಕ್ಟರು ಎರಡು ತುಂಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಸಣ್ಣ ಹಲ್ಲಿಂದು ಇಟ್ಟಿಲ್ಲೇನ್ರಿ?"

"ಯುದ್ಧದ ಕಾಲ ಸಾಹೇಬ್ರ. ಎಲ್ಲಿ ಸಿಗತೈತಿ?"

ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ. ಬಹಳ ದಿನ ನಮ್ಮ ಮನೆಯ ಎದುರು ಒಬ್ಬ ಪೇದೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಆದರೆ ಹಿಡಿಯಲು ಏನೂ ಸಿಗಲಿಲ್ಲ.

ಇನ್ಸ್‌ಪೆಕ್ಟರು ಹೋದ ಮೇಲೆ ಮಾವನವರು ಪಡಸಾಲೆಗೆ ಬಂದು ನಿಂತರು. ಶೆಡ್ಡಿನ ಮೊಳೆಗೆ ಸಣ್ಣ ಹಲ್ಲಿನ ಬ್ಲೇಡಿನದೊಂದು ಮುರಿದ ತುಂಡು ತೂಗುಹಾಕಿದ್ದರು, ಅದೀಗ ಇರಲಿಲ್ಲ. ಮೊದಲು ನನ್ನ ಗಂಡನ ಮುಖ ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಕಂಪ್ಲಿಯಿಂದ ನಾನು ತಂದ ಟ್ರಂಕನ್ನು. 

"ಅವರನ್ಯಾಕ ನೋಡ್ತೀರಿ? ನಾ ತಗೊಂಡೀನಿ" ಎಂದರು ಅತ್ತೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ.

ಮಾವನವರು ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಮನೆ ಒಡೆಯುತ್ತದೆ ಎಂದುಕೊಂಡೆ. ಅವರ ಬಾಯಿಂದ ಬಂದ ಮಾತು ಬೇರೆಯೇ.

"ದಪ್ಪ ಸರಳಿಗೆ ಸಣ್ಣ ಹಲ್ಲಿಂದು ಯಾಕ ಕೊಟ್ಟಿ? ಉಣ್ಣಾಕ ಕುಂತಾಗೆಲ್ಲ ಹೇಳೀನಿ."

"ದೊಡ್ಡ ಹಲ್ಲಿಂದು ಕೌದಿ ಹರೀತಿತ್ತು. ಮತ್ತ ಸಪ್ಪಳ ಭಾಳ ಮಾಡ್ತೈತಿ. ಅಲ್ಲಿ ಪಹರೆ ಇರ್ತಾರ."

"ಎಷ್ಟು ತಾಸು ಎಳದಿರಬೇಕು ಆ ಹುಡುಗ."

"ಎಳೀಲಿ ಬಿಡ್ರಿ. ಚಳಿಗಾಲ, ರಾತ್ರಿ ಉದ್ದ ಇರ್ತಾವ."

ಮಾವನವರು ಆಕೆಯನ್ನು ನೋಡುತ್ತಲೇ ಇದ್ದರು. ಆ ನೋಟ ನನಗೆ ಪರಿಚಿತ. ಹೊಸ ಬ್ಲೇಡು ಬಂದಾಗ ಅದನ್ನು ನೋಡುತ್ತಿದ್ದ ಪರಿ ಅದು.

ಶೇಖರ ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೆ, ಬ್ರಿಟಿಷ್ ಪೊಲೀಸರ ಕೈಗೆ ಸಿಗದ ನಿಜಾಮನ ಸೀಮೆಗೆ ಹೋಗಿ ಸೇರಿದ್ದ. ಯುದ್ಧ ಮುಗಿದ ಮೇಲೆ ತಿರುಗಿ ಬಂದು ಬುಕ್ಕಸಾಗರದಲ್ಲಿ ಭತ್ತ ಬೆಳೆದುಕೊಂಡು ಇದ್ದ. ಮೊದಲ ಸಲ ಮನೆಗೆ ಬಂದಾಗ ಮಾವನವರು ಕುಶಲ ಕೇಳುವ ಮುಂಚೆ ಅವನ ಅಂಗೈ ಬಿಡಿಸಿ ನೋಡಿದರು. ಬಟ್ಟೆ ಸುತ್ತಿ ಹಿಡಿದಿದ್ದರೂ ಬ್ಲೇಡು ಎರಡು ಕಡೆ ಕಚ್ಚಿದ ಗುರುತಿತ್ತು. "ಕುಂದ್ರಪ್ಪ, ಊಟ ಮಾಡು" ಎಂದರು.

ಆಮೇಲೆ ಅತ್ತೆಯ ಮೇಲೂ ಅವರಿಗೆ ಅನುಮಾನ ಹುಟ್ಟಿತು. ಅತ್ತೆ ಸುಮ್ಮನೆ ಕೂತಿದ್ದರೆ "ಏನು ಯೋಚನಿ ಮಾಡಾಕತ್ತಿ?" ಎನ್ನುವರು. ತವರಿಗೆ ಹೊರಟರೆ ಗಂಟು ಒತ್ತಿ ನೋಡುವರು. ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಗಂಡ ಅವರನ್ನು ಅಷ್ಟು ಗಮನವಿಟ್ಟು ನೋಡಿದ್ದು ಆಗಲೇ ಎಂದು ನನಗೆ ತೋರುತ್ತದೆ.

ಇದನ್ನೆಲ್ಲ ಮಗನಿಗೆ ಹೇಳೋಣವೆಂದು ಹೋದೆ. ಅವನು ಕೆಲಸದಲ್ಲಿದ್ದ. "ಆಮ್ಯಾಲೆ ಹೇಳವ್ವ" ಎಂದ. ಅತ್ತೆಯ ಆಗಿನ ವಯಸ್ಸನ್ನು ನಾನೀಗ ದಾಟಿದ್ದೇನೆ. ಬೀಗದ ಕೈಗಳನ್ನು ನನ್ನ ಹತ್ತಿರ ಬಿಟ್ಟು ಎಲ್ಲರೂ ನಿಶ್ಚಿಂತೆಯಿಂದ ಊರಿಗೆ ಹೋಗುತ್ತಾರೆ. ನಾನು ಕೂತಿರುವಾಗಲೇ ತಮ್ಮ ಗುಟ್ಟನ್ನೆಲ್ಲ ಮಾತಾಡಿಕೊಳ್ಳುತ್ತಾರೆ. ಈ ಮನೆಯಲ್ಲಿ ನನ್ನ ಮೇಲೆ ಯಾರಿಗೂ ಎಳ್ಳಷ್ಟು ಅನುಮಾನವಿಲ್ಲ. ಇಷ್ಟು ದಿನ ಅದನ್ನು ನನ್ನ ಪುಣ್ಯ ಎಂದುಕೊಂಡಿದ್ದೆ.